ಎರಡನೇ ಚಿಟಿಕೆ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನನಗೆ ಎರಡು ಬಿರುದುಗಳಿವೆ. ಒಂದು, ಪಾಠದ ನಡುವೆ ತಾನೇ ಆಕಳಿಸುವ ಫಿಸಿಕ್ಸ್ ಲೆಕ್ಚರರ್ ಎಂಬುದು. ಇನ್ನೊಂದು, ಬೇಸಿಗೆ ಬಂತೆಂದರೆ ಮಾವಿನಹಣ್ಣಿನ ಮೇಲೆ ಓಟ್ಸ್ ಉದುರಿಸಿ ಅದೇನನ್ನೋ ಬೇಯಿಸಿ ತರುವ, ಭಾರಿ ಕೈರುಚಿಯ ಮನುಷ್ಯ ಎಂಬುದು. ಮೊದಲನೆಯದನ್ನು ನಾನು ಇಪ್ಪತ್ತಾರು ವರ್ಷ ಕಷ್ಟಪಟ್ಟು ಸಂಪಾದಿಸಿದ್ದೇನೆ. ಎರಡನೆಯದು ನನ್ನದಲ್ಲ, ಇನ್ನೊಬ್ಬರದು. ಅವರು ಈ ವರ್ಷ ಮಾವು ಹೂ ಬಿಟ್ಟಿದ್ದ ಹೊತ್ತಿನಲ್ಲಿ ತೀರಿಕೊಂಡರು. ಅವರ ಹೆಸರನ್ನು ಅವರು ಬದುಕಿರುವಾಗಲೇ ಅವರಿಗೆ ಒಪ್ಪಿಸಿಬಿಡಬೇಕು ಎಂದು ನಾನು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಇದ್ದೆ. ಅಂದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರು ತುಮಕೂರಿನಲ್ಲಿ ಯಾರೂ ಇಲ್ಲ.

ನಮ್ಮ ಮನೆಯಿಂದ ಎರಡು ತಿರುವು ಆಚೆ ಅವರದೊಂದು ಸೌದೆ ಬಟ್ಟಿಯ ಬೇಕರಿ. ಎಲ್ಲರೂ ಅವರನ್ನು ಭಾಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಕುಳ್ಳಗಿನ ಆಳು. ಬನಿಯನ್ನು, ಚೌಕಳಿ ಲುಂಗಿ, ಹೆಗಲ ಮೇಲೆ ಮೈದಾ ಚೀಲ ಹರಿದು ಮಾಡಿಕೊಂಡ ಒಂದು ಬಟ್ಟೆ. ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ, ಎಡಗಣ್ಣಿನ ಹುಬ್ಬು ಅರ್ಧ ಮಾತ್ರ ಉಳಿದಿತ್ತು. ಎರಡನ್ನೂ ಬಟ್ಟಿ ತಿಂದುಹಾಕಿತ್ತು. ಆ ಅರ್ಧ ಹುಬ್ಬಿನಿಂದಾಗಿ ಅವರು ಸುಮ್ಮನೆ ನೋಡಿದರೂ ನಮ್ಮನ್ನು ಏನೋ ಪ್ರಶ್ನೆ ಕೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನನ್ನಂಥ ಉತ್ತರ ಗೊತ್ತಿಲ್ಲದವನಿಗೆ ಅದರಿಂದ ಒಂಥರಾ ಕಸಿವಿಸಿ.

ನಾನು ಅವರ ಬಳಿ ಹೋಗುವಂತಾದದ್ದು ಕೊಲೆಸ್ಟ್ರಾಲಿನಿಂದ. ಡಾಕ್ಟರು ನನ್ನ ರಿಪೋರ್ಟು ನೋಡಿ, ಬೆಳಿಗ್ಗೆ ಓಟ್ಸ್ ತಿನ್ನಿ ಎಂದರು. ನಾನು ಕುಣಿಗಲ್‌ನವನು. ಊರಲ್ಲಿ ಕುದುರೆ ಫಾರಂ ಇರುವುದರಿಂದ ಓಟ್ಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದೇ ಕುದುರೆಗಳ ಆಹಾರವಾಗಿ. ಆದರೂ ಪ್ರಾಣಭಯದಿಂದ ದೊಡ್ಡ ಡಬ್ಬಿ ತಂದೆ. ಮೂರು ದಿನ ಅಂಬಲಿಯ ಹಾಗೆ ಕುಡಿದೆ. ನಾಲ್ಕನೇ ದಿನ ಚಿತ್ರಾನ್ನ ತಿಂದೆ. ಡಬ್ಬಿ ಹಾಗೇ ಉಳಿಯಿತು. ನನ್ನ ಹೆಂಡತಿ ಗುಬ್ಬಿ ಕಡೆಯವಳು, ಯಾವುದನ್ನೂ ಬಿಸಾಡಲು ಬಿಡುವ ಪೈಕಿ ಅಲ್ಲ. ದಿನಾ ಬೆಳಿಗ್ಗೆ ಆ ಡಬ್ಬಿಯನ್ನು ನನ್ನ ಕಾಫಿ ಲೋಟದ ಪಕ್ಕ ತಂದಿಟ್ಟು ಒಂದು ಮಾತೂ ಆಡದೆ ಒಳಗೆ ಹೋಗುತ್ತಿದ್ದಳು.

ಆಗ ಮೊಬೈಲಿನಲ್ಲಿ ಒಂದು ವಿಡಿಯೋ ಸಿಕ್ಕಿತು. ಬೆಳ್ಳಗಿನ ಅಡುಗೆಮನೆಯಲ್ಲಿ ಬೆಳ್ಳಗಿನ ಬಟ್ಟೆ ತೊಟ್ಟ ಹೆಂಗಸೊಬ್ಬಳು ಹಣ್ಣು ಹೆಚ್ಚಿ ತಟ್ಟೆಗೆ ಹಾಕಿದಳು. ಬೆಣ್ಣೆ, ಸಕ್ಕರೆ, ಓಟ್ಸ್ ಮೂರನ್ನೂ ಬೆರಳಲ್ಲಿ ಉಜ್ಜಿ ಪುಡಿಪುಡಿ ಮಾಡಿ ಹಣ್ಣಿನ ಮೇಲೆ ಉದುರಿಸಿದಳು. ಓವನ್ನಿಗಿಟ್ಟಳು. ತೆಗೆದಾಗ ಮೇಲೆಲ್ಲ ಹೊಂಬಣ್ಣ, ಅಂಚಿನಲ್ಲಿ ಹಣ್ಣಿನ ರಸ ಕುದಿಯುತ್ತಿದೆ. ಅದಕ್ಕೆ ಕ್ರಂಬಲ್ ಎಂದು ಹೆಸರಂತೆ, ಅದಕ್ಕಿಂತ ಸುಲಭದ ಸಿಹಿ ಇನ್ನೊಂದಿಲ್ಲವಂತೆ. ನಾನು ನಂಬಿದೆ. ಗೃಹಪ್ರವೇಶಕ್ಕೆ ಯಾರೋ ಕೊಟ್ಟಿದ್ದ ಓವನ್ ಒಂದು ನಮ್ಮಲ್ಲಿ ಹಳೇ ಪೇಪರ್ ಇಡಲು ಬಳಕೆಯಾಗುತ್ತಿತ್ತು. ಪೇಪರ್ ತೆಗೆದು ಒರೆಸಿದೆ.

ಮೊದಲ ಪ್ರಯತ್ನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆ ಹೊತ್ತಿಗೆ ಹೆಂಡತಿ ಡಬ್ಬಿಯಲ್ಲಿದ್ದ ಸಾದಾ ಓಟ್ಸನ್ನು ದೋಸೆ ಹಿಟ್ಟಿಗೆ ಸೇರಿಸಿ ಖಾಲಿ ಮಾಡಿ, ಅದೇ ಡಬ್ಬಿಗೆ ಮಸಾಲಾ ಓಟ್ಸ್ ತುಂಬಿಸಿಟ್ಟಿದ್ದಳು. ನಾನು ನೋಡಲಿಲ್ಲ. ಬಾದಾಮಿ ಮಾವಿನ ಮೇಲೆ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹದವಾಗಿ ಬೆಂದು ಬಂದವು. ಹೆಂಡತಿ ಒಂದು ಚಮಚ ಬಾಯಿಗಿಟ್ಟು, "ಏನ್ರೀ, ಇದಕ್ಕೆ ಒಗ್ಗರಣೆ ಒಂದು ಕಮ್ಮಿ ಆಯ್ತು" ಎಂದಳು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನಾನು ಅಷ್ಟರಲ್ಲೇ ಸ್ಟಾಫ್ ರೂಮಿನಲ್ಲಿ ಬಾಯಿಬಿಟ್ಟಾಗಿತ್ತು. ಮೇ ಕೊನೆಗೆ ನಮ್ಮ ಲೈಬ್ರರಿಯನ್ ನಿವೃತ್ತರಾಗುವವರಿದ್ದರು. ಬೀಳ್ಕೊಡುಗೆಗೆ ಸಿಹಿ ಏನು ಎಂಬ ಚರ್ಚೆ ಬಂದಾಗ, "ಅದು ನನಗಿರಲಿ, ಹೊಸ ಥರದ್ದೊಂದು ಮಾಡಿ ತರ್ತೀನಿ" ಎಂದುಬಿಟ್ಟಿದ್ದೆ. ಬೀಳ್ಕೊಡುಗೆಯ ದಿನ ಬೆಳಿಗ್ಗೆ ಸಾದಾ ಓಟ್ಸನ್ನು ಮೂರು ಸಲ ಮೂಸಿ ನೋಡಿಕೊಂಡು ಎಲ್ಲ ಸಿದ್ಧ ಮಾಡಿ ಓವನ್ ಸ್ವಿಚ್ ಹಾಕಿದೆ. ಢಪ್ ಎಂದಿತು. ಮನೆಯ ಕರೆಂಟೆಲ್ಲ ಹೋಯಿತು. ಅಷ್ಟರಲ್ಲಾಗಲೇ ಇಪ್ಪತ್ತು ವರ್ಷಕ್ಕೂ ಮೇಲೆ ವಿದ್ಯುತ್ತಿನ ಪಾಠ ಮಾಡಿದ್ದ ನಾನು ಬೋರ್ಡಿನ ಮುಂದೆ ನಿಂತು ಫ್ಯೂಸನ್ನೇ ನೋಡುತ್ತಿದ್ದೆ.

"ನಮ್ಮ ಗುಬ್ಬೀಲಿ ಅಮ್ಮ ಬಿಸ್ಕತ್ ಹಿಟ್ಟು ಕಲಸ್ಕೊಂಡು ಬಟ್ಟಿಗೆ ತಗೊಂಡೋಗಿ ಸುಡಿಸ್ಕೊಂಡು ಬರೋರು. ಭಾಯಿ ಹತ್ರ ಹೋಗ್ರೀ. ಬಟ್ಟಿ ಇಳಿಯೋ ಹೊತ್ತು ಇದು" ಎಂದಳು ಹೆಂಡತಿ.

ಬಟ್ಟಿ ಇಳಿಯೋ ಹೊತ್ತು ಎಂದರೇನೆಂದು ನನಗೆ ಅಂದೇ ಗೊತ್ತಾದದ್ದು. ಬೆಳಗಿನ ಜಾವ ಸೌದೆ ಹಚ್ಚಿ, ಬ್ರೆಡ್ಡು, ಬನ್ನು, ಖಾರಾ ಬಿಸ್ಕತ್ ಎಲ್ಲ ಬೇಯಿಸಿದ ಮೇಲೆ ಹನ್ನೊಂದರ ಹೊತ್ತಿಗೆ ಬಟ್ಟಿಯ ಕಾವು ನಿಧಾನವಾಗಿ ಇಳಿಯತೊಡಗುತ್ತದೆ. ಆಗ ಸುತ್ತಮುತ್ತಲ ಮನೆಯವರು ತಮ್ಮ ತಮ್ಮ ತಟ್ಟೆ ತಂದು ಇಟ್ಟುಕೊಳ್ಳಬಹುದು. ರಂಜಾನ್ ಹತ್ತಿರ ಬಂದರೆ ನಾನ್‌ಖಟಾಯಿ ತಟ್ಟೆಗಳು ಸಾಲುಗಟ್ಟುತ್ತಿದ್ದವು, ಡಿಸೆಂಬರಿನಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರು ಕೇಕು ತರುತ್ತಿದ್ದರು, ಕಡ್ಲೆಕಾಯಿ ಕಾಲದಲ್ಲಿ ಯಾರೋ ಹುರಿಸಿಕೊಂಡು ಹೋಗುತ್ತಿದ್ದರು. ಭಾಯಿ ಯಾರಿಂದಲೂ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಒಂದು ಕಟ್ಟುನಿಟ್ಟಿತ್ತು. ಬೆಂದದ್ದರಲ್ಲಿ ಒಂದು ತುಂಡನ್ನು ಅಲ್ಲಿದ್ದ ಪುಟ್ಟ ಸ್ಟೀಲ್ ಡಬ್ಬಿಗೆ ಹಾಕಿ ಹೋಗಬೇಕು. ಅದಕ್ಕೆ ಬಟ್ಟಿ ಪಾಲು ಎನ್ನುತ್ತಿದ್ದರು.

ನಾನು ಟ್ರೇ ಹಿಡಿದು ಬಾಗಿಲಲ್ಲಿ ನಿಂತೆ. ಅವರು ಅರ್ಧ ಹುಬ್ಬು ಏರಿಸಿ ನೋಡಿದರು.

"ಏನ್ ಮೇಷ್ಟ್ರೇ ಅದು, ಕೋಸಂಬ್ರಿನಾ?"

"ಅಲ್ಲ ಭಾಯಿ. ಮಾವಿನಹಣ್ಣು, ಮೇಲೆ ಓಟ್ಸು. ನೂರ ಎಂಬತ್ತು ಡಿಗ್ರಿ, ನಲವತ್ತು ನಿಮಿಷ."

"ಓಟ್ಸು ಅಂದ್ರೆ ಕುಣಿಗಲ್ ಕುದುರೆ ತಿನ್ನೋದಲ್ವಾ?"

"ಹೂಂ."

"ನೀವೂ ಕುಣಿಗಲ್‌ನೋರೇ ಅಲ್ವಾ? ಸರಿ ಬುಡಿ, ತನ್ನಿ ಇಲ್ಲಿ."

ಟ್ರೇಯನ್ನು ಒಂದು ಮೂಲೆಗೆ ವಾಲಿಸಿದರು. ಹಣ್ಣಿನ ನೀರೆಲ್ಲ ಆ ಮೂಲೆಗೆ ಹರಿದು ಬಂತು. "ಹಿಂಗೇ ಇಟ್ರೆ ಪಾಯಸ ಆಗ್ತದೆ" ಎಂದವರೇ ನನ್ನ ಅಪ್ಪಣೆಗೂ ಕಾಯದೆ ಮೇಲಿನ ಪುಡಿಯನ್ನೆಲ್ಲ ಒಂದು ಕಾಗದಕ್ಕೆ ಬಳಿದರು, ಹಣ್ಣನ್ನು ಪಾತ್ರೆಗೆ ಸುರಿದರು. ರಸ್ಕ್ ಡಬ್ಬಿಯ ತಳದಲ್ಲಿ ಉಳಿಯುವ ಪುಡಿಯನ್ನು ಟ್ರೇಗೆ ತೆಳ್ಳಗೆ ಹರಡಿದರು. ಅದು ನೀರು ಕುಡಿಯುತ್ತದಂತೆ. ಆಮೇಲೆ ಹಣ್ಣನ್ನು ಮೂಸಿ ನೋಡಿ ನನ್ನ ಮುಂದೆ ಹಿಡಿದು, "ತಿಂದು ನೋಡಿ. ಹುಳಿ ಐತಾ?" ಎಂದರು.

"ಇಲ್ಲ. ಬರೀ ಸಿಹಿ."

"ತೋತಾಪುರಿ ಒಂದು ಹೆಚ್ಚಾಕಿ. ಹುಳಿ ಇಲ್ದಿದ್ರೆ ಸಿಹಿಗೆ ಮರ್ಯಾದೆ ಇಲ್ಲ."

ಓಡಿಹೋಗಿ ಒಂದು ತಂದು ಹೆಚ್ಚಿ ಹಾಕಿದೆ. ಅವರೇ ಯಾಕೆ ತಿಂದು ನೋಡಲಿಲ್ಲ ಎಂದು ನಾನು ಯೋಚಿಸಲಿಲ್ಲ. ಮೇಷ್ಟ್ರನ್ನೇ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ಟೀಗೂ ಸಕ್ಕರೆ ಹಾಕುತ್ತಿರಲಿಲ್ಲ, ಅದನ್ನು ಜಿಪುಣತನವೆಂದು ತೀರ್ಮಾನಿಸಿದ್ದೆ.

ಬಟ್ಟಿಯ ಬಗ್ಗೆ ಅವರ ಮಾತೇ ಬೇರೆ. ಬಿಸಿ, ಕಾವು ಎನ್ನುವ ಪದಗಳೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. "ಇನ್ನೂ ಕೋಪ್ದಲ್ಲವ್ಳೆ" ಎನ್ನುತ್ತಿದ್ದರು. "ಇವತ್ತು ಹಸಿ ಸೌದೆ ಹಾಕ್ಬುಟ್ಟಿದೀನಿ, ಮುಖ ಊದಿಸ್ಕೊಂಡವ್ಳೆ" ಎನ್ನುತ್ತಿದ್ದರು. ಊರ್ಡಿಗೆರೆ ಕಡೆಯಿಂದ ಬರುತ್ತಿದ್ದ ಹುಣಸೆ ಸೌದೆ ಬಂದ ದಿನ ಮಾತ್ರ, "ಇವತ್ತು ಖುಷಿಯಾಗವ್ಳೆ ನೋಡಿ" ಎಂದು ತಾವೇ ಖುಷಿಪಡುತ್ತಿದ್ದರು. ಅಂದು ಅವರು ಬಟ್ಟಿಯ ಬಾಯಿಗೆ ಬಗ್ಗಿ, ಒಳಗಿನ ಕಲ್ಲಿನ ಮೇಲೆ ಒಂದು ಚಿಟಿಕೆ ಮೈದಾ ಎರಚಿದರು. ಅದು ತಕ್ಷಣ ಕಪ್ಪಾಗಲಿಲ್ಲ, ಗೋಧಿ ಬಣ್ಣಕ್ಕೆ ತಿರುಗಿತು. ನಾನು ಟ್ರೇ ಎತ್ತಿಕೊಂಡೆ. ಅವರು ಅದನ್ನು ನನ್ನ ಕೈಯಿಂದ ಇಳಿಸಿ, ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಒಂದು ಟೀ ಕುಡಿದರು. ನನಗೆ ಬೀಳ್ಕೊಡುಗೆಗೆ ಹೊತ್ತಾಗುತ್ತಿದೆ, ಇವರು ಟೀ ಊದಿ ಊದಿ ಕುಡಿಯುತ್ತಿದ್ದಾರೆ. ಟೀ ಮುಗಿಸಿ ಬಂದು ಇನ್ನೊಂದು ಚಿಟಿಕೆ ಎರಚಿ ನೋಡಿದರು. ಆಮೇಲೆ ಟ್ರೇ ಒಳಗೆ ಹೋಯಿತು. ಅರ್ಧದಲ್ಲಿ ಉದ್ದನೆಯ ಹಲಗೆಯಿಂದ ಅದನ್ನು ಎಳೆದು ಹಿಂದುಮುಂದು ತಿರುಗಿಸಿ ಮತ್ತೆ ತಳ್ಳಿದರು. ನಾನು ಅಷ್ಟರಲ್ಲಿ ಮೊಬೈಲಿನಲ್ಲಿ ಆ ಬೆಳ್ಳಗಿನ ಹೆಂಗಸಿನ ವಿಡಿಯೋ ಕೆಳಗೆ ಜನ ಏನು ಬರೆದಿದ್ದಾರೆಂದು ಓದುತ್ತಿದ್ದೆ.

ಟ್ರೇ ಹೊರಗೆ ಬಂದಾಗ ಆ ವಿಡಿಯೋ ಮಂಕಾಗಿ ಕಂಡಿತು. ಮೇಲೆ ಗರಿಗರಿ, ಕೆಳಗೆ ಹಣ್ಣು ಗಟ್ಟಿಯಾಗಿ ಕೂತಿತ್ತು, ಅಂಚಿನಲ್ಲಿ ಮಾತ್ರ ರಸ ಸಣ್ಣಗೆ ಕುದಿಯುತ್ತಿತ್ತು. ಸೌದೆ ಹೊಗೆಯ ಒಂದು ಎಳೆ ವಾಸನೆ ಬೇರೆ.

ಬೀಳ್ಕೊಡುಗೆಯಲ್ಲಿ ಹಾರ, ಶಾಲು, ಭಾಷಣ ಯಾವುದೂ ಯಾರಿಗೂ ನೆನಪಿಲ್ಲ. ಲೈಬ್ರರಿಯನ್ನರೇ ಮೂರು ಸಲ ಹಾಕಿಸಿಕೊಂಡರು. ಪ್ರಿನ್ಸಿಪಾಲರು ಚಮಚ ನೆಕ್ಕುತ್ತ, "ಯಾರ್ ಮಾಡಿದ್ದಪ್ಪಾ ಇದು? ಮನೆಯೋರಾ?" ಎಂದರು.

"ನಾನೇ ಮಾಡಿದ್ದು ಸಾರ್" ಎಂದೆ.

ಸುಳ್ಳೇನಲ್ಲ ಎಂದು ಆಗ ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹಣ್ಣು ಕೊಂಡವನು ನಾನು, ಹೆಚ್ಚಿದವನು ನಾನು, ಬೆರಳಿಗೆ ಬೆಣ್ಣೆ ಮೆತ್ತಿಸಿಕೊಂಡವನೂ ನಾನು. ಭಾಯಿ ಬೇಯಿಸಿಕೊಟ್ಟರು ಅಷ್ಟೇ. ಬೇಯಿಸುವುದೊಂದನ್ನು ಬಿಟ್ಟರೆ ಬೇಯಿಸಿದ ಅಡುಗೆಯಲ್ಲಿ ಇನ್ನೇನಿರುತ್ತದೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಳ್ಳಲಿಲ್ಲ.

ಅಲ್ಲಿಂದ ಪ್ರತಿ ಬೇಸಿಗೆಯೂ ನಾನು ಟ್ರೇ ಹಿಡಿದು ಭಾಯಿಯ ಬಾಗಿಲಿಗೆ ಹೋದೆ. ಟ್ರೇ ಅವರದೇ. ಒಂದು ಮೂಲೆ ನಜ್ಜುಗುಜ್ಜಾದ ತಗಡಿನದು, "ಇಟ್ಕೊಳ್ಳಿ, ನಿಮ್ಮನೆಗೇ ಇರ್ಲಿ" ಎಂದು ಕೊಟ್ಟುಬಿಟ್ಟಿದ್ದರು. ಎರಡನೇ ವರ್ಷ ಹೆಂಡತಿಯ ತವರಿನಿಂದ ಹಲಸಿನಹಣ್ಣು ಬಂತು. ಗುಬ್ಬಿಯಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದವನು ನಾನೇ. ಬಸ್ಸಿಡೀ ಘಮಘಮ, ನನ್ನ ಪ್ಯಾಂಟಿಡೀ ಹಲಸಿನ ಅಂಟು. ಹಲಸಿನ ತೊಳೆಯ ಮೇಲೆ ಓಟ್ಸು, ಜೊತೆಗೆ ಏಲಕ್ಕಿ ಹಾಕಿ ಒಯ್ದೆ. ಮಾರನೇ ದಿನ ಡಬ್ಬಿಯ ಪಾಲು ಹೇಗಿತ್ತೆಂದು ಕೇಳಿದಾಗ ಅವರು ಒಂದಿಷ್ಟೂ ತಡವರಿಸದೆ ಹೇಳಿದರು.

"ಹಲಸಿಗೆ ಏಲಕ್ಕಿ ಯಾಕೆ ಹಾಕಿದ್ರಿ? ಅದ್ರ ವಾಸ್ನೆ ಸಾಲ್ದಾ? ಒಂಚೂರು ಉಪ್ಪಾಕ್ಬೇಕಿತ್ತು. ಬೆಲ್ಲನೂ ಒಂದು ಮುಷ್ಟಿ ಜಾಸ್ತಿ ಆಗಿತ್ತು."

ಅವರ ತೀರ್ಪು ಯಾವಾಗಲೂ ಹೀಗೇ. ನೆನ್ನೆಯ ಪಾಲಿಗೆ ಇವತ್ತು ತೀರ್ಪು. ಒಂದು ಸಲವೂ ತಪ್ಪಿರಲಿಲ್ಲ. ನಾನು ಅದನ್ನೆಲ್ಲ ಬರೆದಿಟ್ಟುಕೊಂಡು ಸ್ಟಾಫ್ ರೂಮಿನಲ್ಲಿ ನನ್ನ ಸ್ವಂತ ಸಂಶೋಧನೆಯಂತೆ ಹೇಳುತ್ತಿದ್ದೆ. "ನೋಡಿ ಮೇಡಂ, ಹಲಸಿಗೆ ಏಲಕ್ಕಿ ಹಾಕೋದು ದೊಡ್ಡ ಅಪರಾಧ" ಎಂದು ಕನ್ನಡದ ಮೇಡಂಗೆ ಹೇಳಿದ್ದು ನೆನಪಿದೆ. ಅವರು ಗೌರವದಿಂದ ತಲೆಯಾಡಿಸಿದ್ದರು.

ಒಮ್ಮೆ ವಿಜ್ಞಾನದ ಕಡೆಯಿಂದ ಭಾಯಿಯನ್ನು ಸೋಲಿಸೋಣವೆಂದು ಕೊರೋನಾ ಕಾಲದಲ್ಲಿ ಕಾಲೇಜಿಗೆ ತಂದಿದ್ದ ಜ್ವರ ನೋಡುವ ಗನ್ನು ಒಯ್ದೆ. ಬಟ್ಟಿಯ ಬಾಯಿಗೆ ಹಿಡಿದೆ. ಅದು ಎರಡು ಸಲ ಕಿರುಚಿ ಪರದೆ ಆರಿಸಿಕೊಂಡಿತು. ಭಾಯಿ ಅದನ್ನು ತೆಗೆದುಕೊಂಡು ಅತ್ತ ಇತ್ತ ತಿರುಗಿಸಿ, ಗುಂಡಿ ಒತ್ತಿ ನನ್ನ ಹಣೆಗೆ ಹಿಡಿದರು. "ಜ್ವರ ಇಲ್ಲ ಮೇಷ್ಟ್ರೇ, ಆರಾಮಾಗಿದೀರಿ" ಎಂದು ವಾಪಸ್ ಕೊಟ್ಟು ಮೈದಾ ಚಿಟಿಕೆ ಎರಚಿದರು. ಆಮೇಲೆ ಯಥಾಪ್ರಕಾರ ಟೀ. ನಾನು ತಾಳಲಾರದೆ ಕೇಳಿದೆ.

"ಒಂದು ಸಲ ನೋಡಿದ್ಮೇಲೆ ಇನ್ನೊಂದು ಸಲ ಯಾಕೆ ಭಾಯಿ?"

"ಮೊದಲ್ನೇ ಚಿಟಿಕೆ ನನ್ ಸಮಾಧಾನಕ್ಕೆ. ಎರಡನೇದು ಅವಳ ಸಮಾಧಾನಕ್ಕೆ" ಎಂದರು.

ಚೆನ್ನಾಗಿ ಮಾತಾಡುತ್ತಾರೆ ಎಂದುಕೊಂಡೆ. ಅಷ್ಟೇ ಅಂದುಕೊಂಡೆ.

ಮೂರನೇ ವರ್ಷ ಜೂನ್‌ನಲ್ಲಿ ನಮ್ಮ ಕಾಲೇಜಿನಲ್ಲಿ ಆಹಾರ ಮೇಳ. ನನ್ನ ಕೀರ್ತಿ ಅಷ್ಟರಲ್ಲಿ ಪ್ರಿನ್ಸಿಪಾಲರ ರೂಮು ದಾಟಿ ಹುಡುಗರವರೆಗೂ ಹೋಗಿತ್ತು. ಮೈಕಿನ ಮುಂದೆ ನಿಲ್ಲಿಸಿ, ಸಾರ್ ನಿಮ್ಮ ಗುಟ್ಟೇನು ಎಂದು ಕೇಳಿದರು. ನಾನು ಶಾಖ ಹರಿಯುವ ಮೂರು ವಿಧಾನಗಳಿಂದ ಶುರುಮಾಡಿದೆ. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದರೆ ನನಗೆ ನಾಲಿಗೆ ಹಿಡಿತ ತಪ್ಪುತ್ತದೆ. "ಎಲ್ಲಾ ನಮ್ಮ ಮನೆ ಓವನ್ನಿನಲ್ಲೇ. ಅದರ ಮುಂದೆ ತಾಳ್ಮೆಯಿಂದ ಕೂರಬೇಕು, ಅಷ್ಟೇ ಗುಟ್ಟು" ಎಂದೆ. ಹೇಳುತ್ತಲೇ ಸಭಾಂಗಣದ ಹಿಂಬಾಗಿಲಿನ ಕಡೆ ಕಣ್ಣು ಹೋಯಿತು. ಮೇಳಕ್ಕೆ ಬನ್ನು ಕೊಡಲು ಬಂದಿದ್ದ ಭಾಯಿ, ಕ್ರೇಟು ಕೆಳಗಿಳಿಸಿ ನಿಂತಿದ್ದರು. ಅಂದು ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು, ಕಾಲೇಜಿಗೆ ಬರುವುದಲ್ಲವೇ ಎಂದು. ಅವರೂ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದರು.

ಆ ಕ್ಷಣದಲ್ಲೇ ಮೈಕಿನಲ್ಲಿ ಹೇಳಿಬಿಡಬಹುದಿತ್ತು. ಒಂದೇ ವಾಕ್ಯ. ನಾನು ಕೆಮ್ಮಿ, ನೀರು ಕುಡಿದು, ವಂದನೆ ಹೇಳಿ ಕೆಳಗಿಳಿದೆ.

ಮಾರನೇ ದಿನ ಹೋಗಲೋ ಬೇಡವೋ ಎಂದು ಬೀದಿಯ ತಿರುವಿನಲ್ಲಿ ಎರಡು ಸಲ ಹಿಂದೆ ಬಂದೆ. ಕೊನೆಗೆ ಹೋದೆ. ಭಾಯಿ ಬಟ್ಟಿಯ ಕಲ್ಲು ಗುಡಿಸುತ್ತಿದ್ದರು.

"ನಿಮ್ಮನೆ ಓವನ್ ಹೆಂಗೈತೆ ಮೇಷ್ಟ್ರೇ?" ಎಂದರು ತಿರುಗದೆ.

"ಭಾಯಿ, ಅದು... ತಪ್ಪಾಯ್ತು. ಎಲ್ಲಾರ್ಗೂ ಹೇಳ್ಬಿಡ್ತೀನಿ. ಈ ವರ್ಷ ಮುಗೀತಲ್ಲ, ಮುಂದಿನ ಸಲ ಟ್ರೇ ಒಯ್ದಾಗ್ಲೇ ಹೇಳ್ತೀನಿ."

ಅವರು ತಿರುಗಿ ನೋಡಿದರು. ಅರ್ಧ ಹುಬ್ಬು ಏರಿತ್ತು, ಬಾಯಿ ನಗುತ್ತಿತ್ತು. "ಹೇಳಿ, ಬುಡಿ, ನಂಗೇನ್ ಆಗ್ಬೇಕು? ಆದ್ರೆ ಮನೆ ಓವನ್ ಅಂತ ನಂಬ್ಕೊಂಡು ಆ ಮಕ್ಳು ಮನೇಲಿ ಮಾಡಕ್ಕೋಗಿ, ಬರ್ದೇ ಇದ್ರೆ ನಮ್ ಕೈಲಿ ಆಗಲ್ಲ ಅಂದ್ಕೊಂತಾವಲ್ಲ, ಅದೊಂದು ನೋಡಿ" ಎಂದರು. ಆಮೇಲೆ ಆ ವಿಷಯ ಎತ್ತಲೇ ಇಲ್ಲ. ನಾನೂ ಎತ್ತಲಿಲ್ಲ. ಮುಂದಿನ ಸಲ ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲವೂ ಟ್ರೇ ಖಾಲಿಯಾಗುವವರೆಗೆ ಕಾಯೋಣ ಎಂದುಕೊಳ್ಳುತ್ತಿದ್ದೆ. ಖಾಲಿಯಾದ ಮೇಲೆ ಇನ್ನು ಹೇಳಿ ಏನುಪಯೋಗ ಎಂದುಕೊಳ್ಳುತ್ತಿದ್ದೆ.

ಅವರು ತೀರಿಕೊಂಡ ಸುದ್ದಿ ಹಾಲಿನವನಿಂದ ತಿಳಿಯಿತು. ರಾತ್ರಿ ಮಲಗಿದವರು ಬೆಳಗಿನ ಜಾವ ಬಟ್ಟಿಗೆ ಏಳಲಿಲ್ಲವಂತೆ. ಹೋದೆ, ನಿಂತೆ, ಬಂದೆ. ಅಲ್ಲಿ ಅಷ್ಟು ಜನರ ನಡುವೆ ನಾನು ಯಾರೆಂದು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ಹತ್ತು ದಿನ ಕಳೆದ ಮೇಲೆ ಹೆಂಡತಿಯ ಜೊತೆ ಅವರ ಮನೆಗೆ ಹೋದೆ. ಬೇಕರಿಯ ಹಿಂದೆಯೇ ಮನೆ. ಇಷ್ಟು ವರ್ಷದಲ್ಲಿ ನಾನು ಆ ಹಿಂದಿನ ಬಾಗಿಲು ನೋಡಿರಲಿಲ್ಲ.

ಅವರ ಹೆಂಡತಿ ನನ್ನನ್ನು ನೋಡಿದ್ದೇ, "ಮೇಷ್ಟ್ರಲ್ವಾ? ಬನ್ನಿ ಬನ್ನಿ. ನಿಮ್ಮ ಕೈರುಚಿ ನಾನು ಎಷ್ಟು ವರ್ಷದಿಂದ ತಿಂದಿದೀನಿ" ಎಂದರು.

ನನಗೆ ಅರ್ಥವಾಗಲಿಲ್ಲ.

"ಡಬ್ಬಿ ತರ್ತಿದ್ರಲ್ಲ, ಬಟ್ಟಿ ಪಾಲು. ಅವ್ರು ಎಲ್ಲಿ ತಿಂತಿದ್ರು? ಹದಿನೈದು ವರ್ಷದಿಂದ ಸಕ್ಕರೆ ಕಾಯ್ಲೆ. ಒಂದು ಚೂರೂ ಬಾಯಿಗೆ ಹಾಕ್ತಿರ್ಲಿಲ್ಲ. ನನ್ ಮುಂದೆ ಡಬ್ಬಿ ಇಟ್ಟು, ನೀನ್ ತಿಂದೇಳು, ನಾಳೆ ಮೇಷ್ಟ್ರು ಕೇಳ್ತಾರೆ ಅನ್ನೋರು. ನಾನು ತಿಂದು ಏಲಕ್ಕಿ ಜಾಸ್ತಿ ಆಯ್ತು ಅಂದ್ರೆ ಅದನ್ನೇ ನೆನಪಿಟ್ಕೊಂಡು ಬಂದು ನಿಮ್ಗೆ ಹೇಳೋರು."

ನಾನು ಬರೆದಿಟ್ಟುಕೊಂಡು ಮೆರೆದ ಆ ತೀರ್ಪುಗಳೆಲ್ಲ ಈ ಅಮ್ಮನವು. ನನ್ನ ಕೀರ್ತಿಯಲ್ಲಿ ನನ್ನದೆನ್ನುವುದು ಹಣ್ಣು ಹೆಚ್ಚುವ ಕೆಲಸ ಒಂದೇ ಉಳಿಯಿತು. ಅದರಲ್ಲೂ ಅರ್ಧ ಹೆಂಡತಿ ಹೆಚ್ಚುತ್ತಿದ್ದಳು.

"ಅಮ್ಮಾ, ಅದು ನನ್ನ ಕೈರುಚಿ ಅಲ್ಲ" ಎಂದೆ.

"ಹಂಗೇ ಅಂತೀರಿ. ಅವ್ರೂ ಹಂಗೇ, ಎಲ್ಲಾ ಮೇಷ್ಟ್ರೇ ಮಾಡೋದು, ನಾನು ಬರೀ ಬಟ್ಟಿ ಬಾಗ್ಲು ತೆಗೆದಿಡ್ತೀನಿ ಅನ್ನೋರು. ನಮ್ಮನೇಲಿ ಅದಕ್ಕೆ ಮೇಷ್ಟ್ರ ತಟ್ಟೆ ಅಂತಾನೇ ಹೆಸ್ರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮೈಕಿನಲ್ಲಿ ಊರಿಗೆಲ್ಲ ನನ್ನ ಹೆಸರು ಹೇಳಿಕೊಂಡದ್ದು ಸಾಲದೆಂದು ಆ ಮನುಷ್ಯ ತನ್ನ ಸ್ವಂತ ಮನೆಯಲ್ಲೂ ನನ್ನ ಹೆಸರನ್ನೇ ಹೇಳಿದ್ದರು. ನನಗೆ ನಾಚಿಕೆಯಾಯಿತು. ನಾಚಿಕೆಯೆಂದರೆ ಸಣ್ಣ ಮಾತಾಯಿತು, ಎದ್ದು ಓಡಿಹೋಗಬೇಕೆನ್ನಿಸಿತು. ಹೆಂಡತಿ ಪಕ್ಕದಲ್ಲಿದ್ದಳು, ಅವಳು ಸುಮ್ಮನೆ ನನ್ನ ಮುಖ ನೋಡಿದಳು, ಓಟ್ಸ್ ಡಬ್ಬಿ ತಂದಿಡುವಾಗ ನೋಡುತ್ತಿದ್ದಳಲ್ಲ, ಹಾಗೆ.

ಹೊರಡುವಾಗ ಆಕೆ ಒಂದು ಮಾತು ಹೇಳಿದರು. ಮಗನಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ಬೇಕರಿ ನಡೆಸುವುದಿಲ್ಲ. ನಲವತ್ತನೇ ದಿನ ಹಂಚಲು ಕೊನೆಯ ಸಲ ಬಟ್ಟಿ ಹಚ್ಚಿ ಬನ್ನು ಸುಡುತ್ತಾರೆ, ಆಮೇಲೆ ಅದನ್ನು ಕೆಡವುತ್ತಾರೆ. "ನೀವೂ ಒಂದು ತಟ್ಟೆ ತನ್ನಿ. ಅವ್ರಿಗೆ ಇಷ್ಟ ಆಗ್ತದೆ."

ನಲವತ್ತನೇ ದಿನ ಮಾರುಕಟ್ಟೆಗೆ ಹೊಸ ಮಾವು ಅಲ್ಲೊಂದು ಇಲ್ಲೊಂದು ಬಂದಿತ್ತು. ಸಿಕ್ಕಿದ್ದನ್ನು ತಂದೆ. ನಜ್ಜಿದ ಮೂಲೆಯ ಟ್ರೇಯಲ್ಲಿ ರಸ್ಕ್ ಪುಡಿ ಹರಡಿದೆ, ಹಣ್ಣು ಜೋಡಿಸಿದೆ, ಓಟ್ಸು ಬೆಣ್ಣೆ ಉಜ್ಜಿ ಉದುರಿಸಿದೆ. ಹನ್ನೊಂದಕ್ಕೆ ಹೋದೆ. ಮಗ ಬನ್ನುಗಳನ್ನೆಲ್ಲ ಹೊರತೆಗೆದು ಬುಟ್ಟಿಗೆ ತುಂಬುತ್ತಿದ್ದ.

"ನಂಗೆ ಇದೆಲ್ಲ ಬರಲ್ಲ ಸಾರ್. ನಿಮ್ಗೇ ಗೊತ್ತಲ್ಲ, ಇಟ್ಕೊಳ್ಳಿ" ಎಂದು ಹಲಗೆಯನ್ನು ನನ್ನ ಕೈಗೆ ಕೊಟ್ಟು ಬುಟ್ಟಿ ಹೊತ್ತು ಮಸೀದಿಯ ಕಡೆ ಹೋದ.

ಬಟ್ಟಿಯ ಮುಂದೆ ನಾನೊಬ್ಬನೇ. ಬಗ್ಗಿ ನೋಡಿದೆ, ಮುಖಕ್ಕೆ ಝಳ ಹೊಡೆಯಿತು. ಒಂದು ಚಿಟಿಕೆ ಮೈದಾ ಎರಚಿದೆ. ಗೋಧಿ ಬಣ್ಣಕ್ಕೆ ತಿರುಗಿತು. ಸಂತೋಷವಾಯಿತು, ಕಣ್ಣು ಮಂಜಾಯಿತು, ಎರಡೂ ಒಟ್ಟಿಗೆ. ಟ್ರೇ ತಳ್ಳಿಬಿಟ್ಟೆ. ಭಾಯಿ ಕೂರುತ್ತಿದ್ದ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ನಲವತ್ತು ನಿಮಿಷಕ್ಕೆ ಅಲಾರಂ ಇಟ್ಟೆ. ಸುಟ್ಟ ವಾಸನೆ ಬಂದಾಗ ಹದಿನೆಂಟು ನಿಮಿಷವಾಗಿತ್ತು. ಎರಡನೇ ಚಿಟಿಕೆ ನೆನಪಾದದ್ದು ಆಗಲೇ. ಟ್ರೇ ತಿರುಗಿಸಬೇಕಿತ್ತೆಂಬುದು ನೆನಪಾದದ್ದು ಅದನ್ನು ಹೊರಗೆಳೆದ ಮೇಲೆ. ಬಟ್ಟಿಯ ಒಳಗಡೆಗಿದ್ದ ಅರ್ಧ ಇದ್ದಿಲಿನಂತೆ ಕಪ್ಪಗಿತ್ತು, ಬಾಗಿಲ ಕಡೆಗಿದ್ದ ಅರ್ಧ ಹಸಿ ಬಿಳಚಿಕೊಂಡಿತ್ತು.

ಬಿಸಾಡಿ ಬೇರೆ ಏನಾದರೂ ಹೇಳಬಹುದಿತ್ತು. ಅದೂ ಹೊಳೆಯಿತು, ಸುಳ್ಳೇಕೆ ಹೇಳಲಿ. ಆದರೆ ಗೂಡಿನಲ್ಲಿ ಆ ಪುಟ್ಟ ಸ್ಟೀಲ್ ಡಬ್ಬಿ ತೊಳೆದು ಬೋರಲು ಹಾಕಿತ್ತು. ಎರಡೂ ಕಡೆಯಿಂದ ಒಂದೊಂದು ಚಮಚ ಅದಕ್ಕೆ ಹಾಕಿಕೊಂಡು ಹಿಂಬಾಗಿಲು ತಟ್ಟಿದೆ.

ಆಕೆ ಡಬ್ಬಿ ತೆಗೆದು ನೋಡಿದರು, ಒಂದು ಚೂರು ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಅಗಿದರು. ಆಮೇಲೆ ನನ್ನ ಕಡೆ ನೋಡಿ, "ಇಷ್ಟು ವರ್ಷದ್ದು ನೀವು ಮಾಡಿದ್ದಲ್ಲ ಅಲ್ವಾ ಮೇಷ್ಟ್ರೇ?" ಎಂದರು.

"ಅಲ್ಲಮ್ಮಾ."

"ಅದೇ ಅಂದ್ಕೊಂಡೆ" ಎಂದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡರು. ನಲವತ್ತು ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನಕ್ಕಿದ್ದರೋ ಇಲ್ಲವೋ ನನಗೆ ತಿಳಿಯದು. ಆಕೆ ನಕ್ಕರು. ನಗುತ್ತಲೇ ಅತ್ತರು. "ಕಳ್ಳ. ನಂಗೇ ಸುಳ್ಳೇಳಿದ್ರಲ್ಲ" ಎಂದರು. ಅದು ಅವರ ಗಂಡನಿಗೆ ಹೇಳಿದ್ದು.

ಟ್ರೇಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ನೇರ ಕಾಲೇಜಿಗೆ ಹೋದೆ. ಪರೀಕ್ಷೆ ಡ್ಯೂಟಿ ಮುಗಿಸಿ ಎಲ್ಲರೂ ಸ್ಟಾಫ್ ರೂಮಿನಲ್ಲಿದ್ದರು. ಟ್ರೇ ಕಂಡದ್ದೇ ತಟ್ಟೆ, ಚಮಚಗಳು ಸದ್ದು ಮಾಡಿದವು. ಬಟ್ಟೆ ತೆಗೆದೆ. ಸದ್ದು ನಿಂತಿತು. ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

"ಏನಪ್ಪಾ ಇದು? ಯಾರ್ ಮಾಡಿದ್ದು?"

"ನಾನೇ ಮಾಡಿದ್ದು ಸಾರ್. ಇದೊಂದೇ ನಾನು ಮಾಡಿರೋದು" ಎಂದೆ. ಆಮೇಲೆ ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಬನ್ನಿನ ಕ್ರೇಟು ಇಳಿಸಿ ಭಾಯಿ ಚಪ್ಪಾಳೆ ತಟ್ಟಿದ್ದರಲ್ಲ, ಅದನ್ನೂ.

ಕನ್ನಡದ ಮೇಡಂ ಚಮಚದಲ್ಲಿ ಕಪ್ಪನ್ನು ಪಕ್ಕಕ್ಕೆ ಸರಿಸಿ, ಕೆಳಗಿದ್ದ ಹಣ್ಣನ್ನು ಸ್ವಲ್ಪ ತೆಗೆದುಕೊಂಡು ತಿಂದರು.

"ಹೌದು ಸಾರ್, ಇದು ನಿಮ್ಮದೇ. ಅನುಮಾನವೇ ಇಲ್ಲ" ಎಂದರು.